ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ

ರಿಪೇರಿಗೆ ಕೊಟ್ಟಿದ್ದ ತನ್ನ ಕುರ್ಚಿಯನ್ನು ತಲೆಕೆಳಗು ಮಾಡಿ, ಆ ಗಿರಾಕಿ ಅಂಗಡಿಯ ನೆಲಕ್ಕೆ ಮಂಡಿಯೂರಿ ಅದರ ಹೊಟ್ಟೆಯೊಳಗೆ ಇಣುಕುತ್ತಿದ್ದ. ನೋಡಿದ್ದೇ ತಡ, ಕುರ್ಚಿ-ಸೋಫಾಗಳಿಗೆ ಬಟ್ಟೆ ಹೊಲಿಯುವ ಆ ಅಂಗಡಿಯವಳಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಹೊಲಿಗೆಯಲ್ಲಿ ಹುಳುಕು ಹುಡುಕುವಷ್ಟು ದೊಡ್ಡ ಮನುಷ್ಯನೇ ಇವನು?

“ಹುಳುಕಲ್ಲರೀ,” ಎಂದ ಅವನು. “ಇಲ್ಲಿ ಸೀಮೆಸುಣ್ಣದಲ್ಲಿ ಏನೋ ಬರೆದಿದೆ. ಸ್ಪಂಜು ಇಷ್ಟು, ಬಟ್ಟೆ ಇಷ್ಟು ಅಂತ. ಇದೇನು, ನಿಮ್ಮ ಲೆಕ್ಕಾನಾ?”

ಹೌದು, ಲೆಕ್ಕವೇ. ಯಾವ ಕುರ್ಚಿಗೆ ಏನು ಖರ್ಚಾಯಿತೋ ಅದನ್ನು ಆ ಕುರ್ಚಿಯ ಅಡಿಯಲ್ಲೇ ಬರೆಯುವುದು ಅವಳ ರೂಢಿ. ಆಮೇಲೆ ಅದರ ಮೇಲೆ ಬಟ್ಟೆ ಎಳೆದು ಮೊಳೆ ಹೊಡೆಯುತ್ತಿದ್ದಳು, ಗಿರಾಕಿ ಹೊತ್ತುಕೊಂಡು ಹೋಗುತ್ತಿದ್ದ. ಹೀಗೆ ಅವಳ ವರ್ಷದ ಲೆಕ್ಕವೆಲ್ಲ ಊರವರ ಮನೆ ಸೇರಿ, ಅವರ ಭಾರ ಹೊತ್ತುಕೊಂಡು ಕೂತಿತ್ತು.

ಅವನು ನಕ್ಕ. ನಗುವಾಗ ಅವನ ಕಣ್ಣುಗಳು ಪೂರ್ತಿ ಮುಚ್ಚಿಹೋಗುತ್ತಿದ್ದವು. ಸಿಟ್ಟು ಮಾಡಬೇಕೆಂದಿದ್ದವಳು ಅದನ್ನೇ ನೋಡುತ್ತ ನಿಂತುಬಿಟ್ಟಳು. ತಾನು ಎದುರು ಕಟ್ಟಡದ ಅಕೌಂಟೆಂಟ್, ಬೇಕಾದರೆ ನೋಡಿಕೊಡುತ್ತೇನೆ ಎಂದ. ಬೇಡ ಎಂದು ಅವಳು ಕಡ್ಡಿ ಮುರಿದಂತೆ ಹೇಳಿದಳು.

ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ಮದುವೆ ಗೊತ್ತಾಗಿದ್ದ ಹುಡುಗ ಲೆಕ್ಕ ನೋಡುತ್ತೇನೆಂದು ಬಂದು, ಯಾವ ಬಟ್ಟೆ ತರಬೇಕು, ಯಾರ ಕೆಲಸ ಬಿಡಬೇಕು ಎಂದು ಅಪ್ಪಣೆ ಕೊಡಲು ಶುರುಮಾಡಿದ್ದ. ಅಂಗಡಿ ಉಳಿಸಿಕೊಳ್ಳಲು ಅವಳು ಮದುವೆಯನ್ನೇ ಬಿಟ್ಟಿದ್ದಳು. ಇನ್ನೊಬ್ಬರು ತನ್ನ ಅಂಗಡಿಯಲ್ಲಿ ಮೂಗು ತೂರಿಸುವುದು ಅವಳಿಗೆ ಬೇಡವೇ ಬೇಡ.

ಆದರೆ ತೆರಿಗೆ ಕಟ್ಟುವ ದಿನ ಹತ್ತಿರ ಬಂತು. ತಾನೇ ಲೆಕ್ಕಕ್ಕೆ ಕೂತರೆ ತಲೆ ಚಿಟ್ಟು ಹಿಡಿಯುತ್ತಿತ್ತು, ಸೋಫಾಗಳು ಹರಿದ ಹಾಗೇ ಬಾಗಿಲವರೆಗೆ ಸಾಲುಗಟ್ಟಿದವು. ಹಲ್ಲು ನೋವು ಬಂದರೂ ನೀನೇ ಕಿತ್ತುಕೊಳ್ತೀಯೇನೇ, ಎಂದು ಚಿಕ್ಕಮ್ಮ ದಿನಾ ಕೇಳುತ್ತಿದ್ದಳು.

ಈ ನಡುವೆ ಅವನ ಆಫೀಸಿನ ಕುರ್ಚಿಗಳಿಗೆ ಒಂದೊಂದಾಗಿ ಕಾಯಿಲೆ ಹಿಡಿಯಿತು. ಒಂದು ಕಿರ್ ಎನ್ನುತ್ತದೆ, ಇನ್ನೊಂದು ವಾಲುತ್ತದೆ. ಅವಳು ತಿರುಗಿಸಿ ನೋಡಿದರೆ ಏನೂ ಆಗಿರುತ್ತಿರಲಿಲ್ಲ. ಆದರೂ ಎರಡು ದಿನ ಇಟ್ಟುಕೊಂಡು ಕಳಿಸುತ್ತಿದ್ದಳು. ಸೂಜಿಗೆ ದಾರ ಪೋಣಿಸುವ ಅವಳ ಬೆರಳನ್ನು ಅವನು ನೋಡುತ್ತಿದ್ದ, ಅವಳು ತಲೆಯೆತ್ತಿದರೆ ಗೋಡೆ ನೋಡುತ್ತಿದ್ದ. ಲೆಕ್ಕದ ಮಾತನ್ನು ಮತ್ತೆ ಎತ್ತಲೇ ಇಲ್ಲ. ಅದೇ ಅವಳಿಗೆ ಬಹಳ ಹಿಡಿಸಿತು.

ಒಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಕೈಗೆ ಮೆತ್ತಿದ್ದ ಅಂಟು ತೊಳೆದುಕೊಂಡು, ರಸ್ತೆ ದಾಟಿ ಅವನ ಮೆಟ್ಟಿಲು ಹತ್ತಿದಳು. ಏನಾದರಾಗಲಿ, ಇವತ್ತು ಹೇಳಿಯೇ ತೀರುವುದು.

“ಅಕೌಂಟೆಂಟ್ ಇಟ್ಕೊಳ್ಳೋಣ ಅಂತ ತೀರ್ಮಾನ ಮಾಡಿದೀನಿ,” ಎಂದಳು.

ಅವನ ಮುಖ ಅರಳಿತು. ಕುರ್ಚಿ ಎಳೆದು ಕೂರಲು ಹೇಳಿದ.

“ಆದರೆ ನೀವು ಬೇಡ.”

ಅರಳಿದ ಮುಖ ಅಲ್ಲೇ ಬಾಡಿತು. ತನ್ನಿಂದ ಏನಾದರೂ ತಪ್ಪಾಯಿತೇ ಎಂದು ಮೆಲ್ಲಗೆ ಕೇಳಿದ.

“ತಪ್ಪಲ್ಲ. ಲೆಕ್ಕ ನೋಡೋರ ಮಾತು ನಾನು ಕೇಳ್ಬೇಕಾಗುತ್ತೆ, ಅವರ ಕೆಲಸ ಸರಿಯಿಲ್ದಿದ್ರೆ ಕೆಲಸದಿಂದ ಬಿಡಿಸ್ಬೇಕಾಗುತ್ತೆ. ನಿಮ್ಮನ್ನ ಬಿಡಿಸೋ ಮನಸ್ಸು ನಂಗಿಲ್ಲ. ನೀವಂದ್ರೆ ನಂಗಿಷ್ಟ. ಅದರ ಮಧ್ಯೆ ನನ್ನ ಅಂಗಡಿ ಬರ್ಬಾರದು.”

ಅವನು ಚೀಟಿಯೊಂದರ ಮೇಲೆ ಒಂದು ವಿಳಾಸ ಬರೆದು ಮುಂದೆ ಚಾಚಿದ. ತನಗೆ ಕೆಲಸ ಕಲಿಸಿದ ಹೆಂಗಸು, ಬಲು ಕಟ್ಟುನಿಟ್ಟು, ಯಾರ ಅಂಗಡಿಯಲ್ಲೂ ತಲೆಹಾಕುವವರಲ್ಲ ಎಂದ.

“ಫೀಸ್ ಮಾತ್ರ ನನ್ನದರ ಎರಡರಷ್ಟು ತಗೋತಾರೆ,” ಎಂದು ಸೇರಿಸಿದ.

ಅವಳು ಚೀಟಿಯ ಜೊತೆಗೆ ಅವನ ಕೈಯನ್ನೂ ಹಿಡಿದುಕೊಂಡಳು.

“ಕೊಡ್ತೀನಿ,” ಎಂದಳು.