ಹೊಗೆಗೂಡಿನಲ್ಲಿದ್ದ ಮಗುವಿನ ಬೂಟು

“ಮೇವಿಸ್, ಬೂಟು ಮಾಯ!”

ರಾಲ್ಫ್ ಗ್ಯಾರಡ್ ಮೇಷ್ಟ್ರು ಬಾಗಿಲಲ್ಲೇ ನಿಂತು ಕೂಗಿದರು. ಹಳ್ಳಿಯ ಪೊಲೀಸ್ ಮೇವಿಸ್ ಥರ್ಕೆಟ್ಲ್ ಸೈಕಲ್ಲನ್ನು ಬೇಲಿಗೆ ಒರಗಿಸಿದಳು. ಅವಸರವಿದ್ದರೂ ಎಂದಿನಂತೆ ಒಮ್ಮೆ ತಲೆಯೆತ್ತಿ ನೋಡದೆ ಇರಲಾಗಲಿಲ್ಲ. ಏನು ಮನೆಯಪ್ಪಾ ಇದು! ನಾನೂರು ವರ್ಷದ ಓಕ್ ಕಂಬಗಳು ಬೆಳ್ಳಿಬಣ್ಣಕ್ಕೆ ತಿರುಗಿ, ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಮಹಡಿ ಬೀದಿಯ ಕಡೆ ಬಾಗಿ, ಹೋಗಿಬರುವವರ ಯೋಗಕ್ಷೇಮ ವಿಚಾರಿಸುವಂತಿದೆ. ಕಂಬ ತೊಲೆಗಳಿಗೆ ಒಂದು ಮೊಳೆಯೂ ಹೊಡೆದಿಲ್ಲ, ಎಲ್ಲ ಮರದ ಗೂಟಗಳೇ. ಒಂದು ಗೆರೆಯೂ ನೆಟ್ಟಗಿಲ್ಲ. ಆದರೂ ಇಡೀ ಮನೆ ಎಷ್ಟು ಗಟ್ಟಿ!

ಮಗುವಿನ ಆ ಹಳೇ ಬೂಟು ಸಿಕ್ಕಿದ್ದು ಹೋದ ತಿಂಗಳು. ಗಾರೆಯ ಸೇತ್ ಫುಲ್ಚರ್ ಹೊಗೆಗೂಡು ದುರಸ್ತಿ ಮಾಡುವಾಗ ಒಳಗೋಡೆಯ ಸಂದಿಯಿಂದ ಉದುರಿತ್ತು. ಮನೆಗೆ ಕೇಡು ತಟ್ಟದಿರಲಿ ಎಂದು ಕಟ್ಟಿದವರೇ ಇಟ್ಟದ್ದು. ಅದು ಮನೆಯಿಂದ ಆಚೆ ಹೋಗಬಾರದು ಎಂದು ಊರಿನ ನಂಬಿಕೆ. “ಅಜ್ಜಿಕಥೆ!” ಎಂದು ನಕ್ಕ ಮೇಷ್ಟ್ರು ಅದನ್ನು ಪಟ್ಟಣದ ಮ್ಯೂಸಿಯಂಗೆ ಕೊಡುವುದಾಗಿ ಸಾರಿಬಿಟ್ಟಿದ್ದರು. ಮ್ಯೂಸಿಯಂನವರು ಬರುವುದು ಇವತ್ತೇ.

“ಯಾರ ಮೇಲೆ ಅನುಮಾನ, ಮೇಷ್ಟ್ರೆ?”

“ಇನ್ಯಾರು? ಸೇತ್! ನಿಂಗೆ ಫೋನ್ ಮಾಡೋಕೆ ಪೋಸ್ಟ್ ಆಫೀಸಿಗೆ ಹೋದಾಗ ಅಲ್ಲೇ ಹೇಳ್ದೆ.”

“ಸಾಲಲ್ಲಿ ನಿಂತೋರ ಮುಂದೇನಾ?”

ಮೇಷ್ಟ್ರು ಬಾಗಿಲಿಂದ ಸರಿದು ದಾರಿ ಬಿಟ್ಟರು. ಒಳಗೆ ಅವರ ತಂಗಿ ಈಡಿತ್, ಉಳುಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು, ಎರಡು ಶಾಲು ಹೊದ್ದು ನಡುಗುತ್ತಿದ್ದಳು. “ಗೂಡಿಂದ ಬೂಟು ಇಳಿದ ಮಾರನೇ ದಿನವೇ ಮೆಟ್ಟಿಲಿಂದ ಬಿದ್ದೆ ಕಣೆ. ಅಣ್ಣನಿಗೆ ಹೇಳಿದ್ರೆ ನಗ್ತಾನೆ.”

“ಬೆಂಕಿ ಹಾಕೋದಲ್ವಾ, ಈಡಿತ್ ಅಕ್ಕಾ?”

“ಬೇಡ!” ಮೇಷ್ಟ್ರು ನಡುವೆ ಬಾಯಿ ಹಾಕಿದರು. “ಹೊಗೆಗೂಡಿನ ಕೆಲಸ ಇನ್ನೂ ಮುಗಿದಿಲ್ಲ.”

ಅಷ್ಟರಲ್ಲಿ ಸೇತ್ ತಾನಾಗಿಯೇ ನುಗ್ಗಿ ಬಂದ. ಮುಖ ಕೆಂಡ.

“ಪಾದ್ರಿ ಮನೆ ಕೆಲಸಕ್ಕೆ ಬರಬೇಡ ಅಂದ್ರು! ಬೇಕರಿಯೋರೂ ಬೇಡ ಅಂದ್ರು! ಈ ಊರಲ್ಲಿ ಇನ್ಯಾರು ನನ್ನನ್ನ ಮನೆಯೊಳಗೆ ಬಿಟ್ಕೋತಾರೆ?”

“ಸೇತ್, ಒಂದು ಹೇಳು. ಇಲ್ಲಿಯ ಕೆಲಸ ಯಾವಾಗ ಮುಗೀತು?”

“ವಾರ ಆಯ್ತು. ಮೊನ್ನೆ ಈ ಬೆಂಕಿ ಮುಂದೆ ಕೂತೇ ಟೀ ಕುಡಿದೆ. ಕೇಳಿ ಈ ಅಕ್ಕನ್ನ.”

ಈಡಿತ್ ಹೌದೆಂದು ತಲೆಯಾಡಿಸಿದಳು. ಆಮೇಲೆ ಅಣ್ಣನ ಕಡೆ ತಿರುಗಿ ಹುಬ್ಬೇರಿಸಿದಳು.

ಮೇವಿಸ್ ಟಾರ್ಚ್ ಹಿಡಿದು ಒಲೆಯೊಳಗೆ ಬಗ್ಗಿದಳು. ಹಸುವೊಂದು ಮಲಗಬಹುದಾದಷ್ಟು ದೊಡ್ಡ ಒಲೆ. ಮೇಲೆ ಹೊಗೆಗೂಡಿನ ಮಸಿಹಿಡಿದ ಇಟ್ಟಿಗೆಗಳ ನಡುವೆ ಅಂಗೈಯಗಲ ಬಿಳಿ ತೇಪೆ. ಮುಟ್ಟಿದಳು. ಹಸಿ!

“ಮೇಷ್ಟ್ರೆ,” ಅವಳು ಮೆಲ್ಲಗೆ ಹೇಳಿದಳು, “ಕಳ್ಳ ಯಾರು ಅಂತ ಎಲ್ಲರೂ ಹುಡುಕಿದ್ರಿ. ಇಂಥ ಚಳೀಲಿ ಬೆಂಕಿ ಯಾಕಿಲ್ಲ ಅಂತ ಯಾರೂ ಕೇಳಲಿಲ್ಲ. ಹಸಿ ಸುಣ್ಣದ ಗಾರೆಗೆ ಬಿಸಿ ತಾಗಿದ್ರೆ ಬಿರುಕು ಬಿಡುತ್ತೆ. ಒಳಗಿರೋದು ಮತ್ತೆ ಉದುರುತ್ತೆ. ಬೆಂಕಿ ಬೇಡ ಅಂದವರು ಈ ಮನೇಲಿ ಒಬ್ಬರೇ. ಬೂಟು ಮನೆಯಿಂದ ಆಚೆ ಹೋಗೇ ಇಲ್ಲ. ಗೂಡಿಗೆ ವಾಪಸ್ ಸೇರಿಸಿದ್ದು ನೀವೇ!”

ಮೇಷ್ಟ್ರು ಬೆಂಚಿನ ಮೇಲೆ ಕುಸಿದರು.

“ಈಡಿತ್ ಬಿದ್ದಾಗ ಎದೆ ಹೊಡ್ಕೊಂಡಿತು, ಮೇವಿಸ್. ನಾನೂರು ವರ್ಷ ನಿಂತಿರೋ ಮನೆ. ಇಂಥ ತೊಲೆ, ಇಂಥ ಕೈಕೆಲಸ... ನನ್ನ ಕಾಲದಲ್ಲಿ ಏನಾದ್ರೂ ಆದ್ರೆ? ಆದ್ರೆ ಮೂವತ್ತು ವರ್ಷ ನಕ್ಕವನು ಯಾವ ಬಾಯಲ್ಲಿ ಹೆದರಿದೆ ಅನ್ನಲಿ?”

“ಅದಕ್ಕೆ ನನ್ನ ಬಲಿ ಕೊಟ್ರಾ?” ಎಂದ ಸೇತ್.

“ತಪ್ಪಾಯ್ತು ಕಣೋ.”

“ಇಲ್ಲಿ ಹೇಳಿದ್ರೆ ಯಾರಿಗೆ ಕೇಳುತ್ತೆ? ಕಳ್ಳ ಅಂದಿದ್ದು ಪೋಸ್ಟ್ ಆಫೀಸಿನ ಸಾಲಲ್ಲಿ.”

ಮೇಷ್ಟ್ರು ಟೋಪಿ ಹಾಕಿಕೊಂಡು ಎದ್ದರು.

“ನಡಿ. ಮಧ್ಯಾಹ್ನ ಮುಚ್ಚೋದರೊಳಗೆ ಹೋಗೋಣ.”

ಈಡಿತ್ ಕುಂಟುತ್ತಲೇ ಕೋಟಿಗೆ ಕೈ ಚಾಚಿದಳು. “ತಡೀರಿ, ನಾನೂ ಬಂದೆ! ಅಣ್ಣ ಸಾಲಲ್ಲಿ ನಿಂತು ತಪ್ಪೊಪ್ಪಿಕೊಳ್ಳೋದನ್ನ ಎರಡು ಕಾಲೂ ಮುರಿದಿದ್ರೂ ನೋಡ್ತಿದ್ದೆ!”