ರೊಟ್ಟಿ ಬಡಿಯುವ ಸದ್ದು

ಹುಮನಾಬಾದಿನಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಇದು ೨೦೦೮ರ ಬೇಸಿಗೆಯಲ್ಲಿ, ಹಾಡುಹಗಲೇ ನಡೆದದ್ದು.

ಮಾಣಿಕನಗರದ ಮಹಾರುದ್ರಪ್ಪನವರು ಒಬ್ಬರೇ ಇರುತ್ತಿದ್ದರು. ತೀರಿಹೋದ ಹೆಂಡತಿ ರುಕ್ಮಿಣಿಬಾಯಿ ರೊಟ್ಟಿ ಬಡಿಯುತ್ತ ಹಾಡಿದ್ದ ಭಜನೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಸಿಕೊಂಡಿದ್ದರು. ಒಳಕೋಣೆಯ ಕಂಪ್ಯೂಟರಿನಿಂದ ಪಡಸಾಲೆಯ ದೊಡ್ಡ ಸ್ಪೀಕರಿಗೆ ನೆಟ್‌ವರ್ಕ್ ಕೇಬಲ್ಲಿನಲ್ಲಿ ಹಾಡು ಬರುತ್ತಿತ್ತು.

“ಆಕಿ ದನಿ ಕಡದ್ ಕಡದ್ ಬರ್ತದ, ತಮ್ಮಾ. ಏನರೆ ಮಾಡು.”

“ಇದು ಹೊಲದ ಕಾಲುವಿ ಇದ್ದಂಗ್ರಿ ಕಾಕಾ. ನಡುವ ಕಸಾ ಕುಂತದ,” ಎಂದು ನಕ್ಕೆ.

ಕೇಬಲ್ಲುಗಳ ನಡುವಿನ ಹಳೆಯ ನೆಟ್‌ವರ್ಕ್ ಸ್ವಿಚ್ಚು ತೆಗೆದು ಒಳ್ಳೆಯದೊಂದನ್ನು ಕೂಡಿಸಿದೆ. ಹಾಡು ಒಂದೇ ಸಮನೆ ಬಂತು; ಹಾಡಿನ ಹಿಂದೆ ಬಳೆಯ ಸದ್ದೂ ರೊಟ್ಟಿ ಬಡಿಯುವ ಸದ್ದೂ ಕೇಳಿದವು. ಕೇಬಲ್ಲನ್ನೂ ಬದಲಿಸೋಣವೆಂದು ಹಳೆಯದನ್ನು ಕಿತ್ತೆ. ಹಾಡು ನಿಂತಿತು. ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ.

ಸದ್ದು ಬರುತ್ತಿದ್ದ ಅಡಿಗೆಮನೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಚಿಲಕಕ್ಕೆ ಖಾನಾವಳಿಯಿಂದ ತರಿಸಿದ ಊಟದ ಡಬ್ಬಿ ತೂಗುತ್ತಿತ್ತು. ಸುಟ್ಟ ಜೋಳದ ಹಿಟ್ಟಿನ ವಾಸನೆ ಬಂತು.

ಮಹಾರುದ್ರಪ್ಪನವರು ಕಣ್ಣು ಮುಚ್ಚಿ ಕೂತಿದ್ದರು. “ಈಗ ಬರಾಬರ್ ಆತು ನೋಡು. ಇನ್ನ ಏನೂ ಮುಟ್ಟಬ್ಯಾಡ. ಉಂಡು ಹೋಗು.”

ಅಂಗಡಿಯ ನೆಪ ಹೇಳಿ ಹೊರಬಿದ್ದೆ. ಬಂದು ಚೀಲ ಬಿಚ್ಚಿದರೆ ಹಳೆಯ ಕೇಬಲ್ಲೂ ಹೊಸದೂ ಅದರಲ್ಲೇ ಇದ್ದವು. ನಾಚಿಕೆಯಾಗಿ ಫೋನ್ ಮಾಡಿದೆ.

“ಕಾಕಾ, ಕೇಬಲ್ ಹಾಕೋದೇ ಮರತೀನ್ರಿ. ನಾಳಿ ಬಂದು ಹಾಕ್ತೀನ್ರಿ. ಅಲ್ಲೀತನಾ ಹಾಡು ಬರಂಗಿಲ್ಲ.”

“ಯಾಕ ಬರಂಗಿಲ್ಲೋ?” ಎಂದರು.

ಅವರ ಮಾತಿನ ಹಿಂದೆ ಭಜನೆ ಎಲ್ಲಿಯೂ ಕಡಿಯದೆ ನಡೆದಿತ್ತು.