ಅಂಗಡಿ ತಮಿಳು

ಚೇತನಾ ಕಾಶಿಫ್‌ನ ಜೊತೆ ಒಂದು ತಿಂಗಳು ತಮಿಳಿನಲ್ಲಿ ಮಾತಾಡಿದಳು. ಅವಳಿಗೆ ತಮಿಳು ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಅದು ಲಾಕ್‌ಡೌನಿನ ಎರಡನೇ ವರ್ಷ. ಕ್ವಾಲಾಲಂಪುರದ ಕಾಲೇಜು ಪೂರ್ತಿ ಆನ್‌ಲೈನ್ ಆಗಿತ್ತು. ಅರ್ಧ ಡಿಗ್ರಿ ಇಲ್ಲಿ ಓದಿ, ಉಳಿದರ್ಧ ಅಮೆರಿಕದಲ್ಲಿ ಮುಗಿಸುವ ಕೋರ್ಸು. ಹಾಗಾಗಿ ಅಮೆರಿಕದ ಜನಾಂಗ ವೈವಿಧ್ಯದ ಪಾಠ ಎಲ್ಲರಿಗೂ ಕಡ್ಡಾಯ. ಪ್ರಾಜೆಕ್ಟಿಗೆ ಅವಳಿಗೆ ಜೋಡಿಯಾಗಿ ಸಿಕ್ಕವನು ಪೆನಾಂಗ್ ರಾಜ್ಯದ ಬಯಾನ್ ಲೆಪಾಸ್‌ನ ಕಾಶಿಫ್.

ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಅವಳ ಮನೆ ಕೆಳಗಿನ ಮಾಮಾಕ್ ಹೋಟೆಲಿನವರು ತಮಿಳು ಮುಸ್ಲಿಮರು. ಇವನೂ ಅದೇ ಪೈಕಿ ಇರಬೇಕು ಅಂದುಕೊಂಡು, ಮರ್ಯಾದೆಗೆ "ಸಾಪ್ಟೀಂಗಳಾ?" ಎಂದು ಊಟ ಆಯಿತೇ ಅಂತ ವಿಚಾರಿಸಿದಳು. ಇವಳು ತಮಿಳು ಹುಡುಗಿ ಅಂದುಕೊಂಡು ಅವನೂ ಹಾಗೇ ಶುರುಮಾಡಿದ. ಇಬ್ಬರದೂ ಅಂಗಡಿಯಲ್ಲಿ ಕಲಿತ ತಮಿಳು. ಸೊಪ್ಪು ಬೇಕು, ಚಿಲ್ಲರೆ ಇಲ್ಲ, ಇದರಾಚೆ ಹೋದರೆ ಇಂಗ್ಲಿಷಿಗೆ ಜಾರುತ್ತಿದ್ದರು.

ಅವರಿಗೆ ಸಿಕ್ಕ ವಿಷಯ ನೂರು ವರ್ಷದ ಹಿಂದಿನ ಕ್ಯಾಲಿಫೋರ್ನಿಯಾ. ಹೊಲದಲ್ಲಿ ದುಡಿಯಲು ಬಂದ ಪಂಜಾಬಿನ ಗಂಡಸರು. ಊರಿಂದ ಹೆಣ್ಣು ಕರೆಸಲು ಕಾನೂನು ಬಿಡಲಿಲ್ಲ, ಬಿಳಿಯರು ಹೆಣ್ಣು ಕೊಡಲಿಲ್ಲ. ಹಲವರು ಮೆಕ್ಸಿಕನ್ ಹುಡುಗಿಯರನ್ನು ಮದುವೆಯಾದರು. ಧರ್ಮ ಬೇರೆ, ಭಾಷೆ ಬೇರೆ.

"ಭಾಷೇನೇ ಬರದೆ ಪ್ರೀತಿ ಹೇಗೆ ಹೇಳ್ಕೊಂಡಿರಬಹುದು?" ಎಂದು ಚೇತನಾ ಇಂಗ್ಲಿಷಿನಲ್ಲಿ ಕೇಳಿದಳು.

"ಬ್ಯಾಡ್ ಸ್ಪ್ಯಾನಿಷ್, ಲಾ," ಎಂದ ಕಾಶಿಫ್, ಮಲೇಷ್ಯಾದವರ ಧಾಟಿಯಲ್ಲಿ. ಕ್ಯಾಮೆರಾ ನೋಡಿದವನು ತಟ್ಟನೆ ಕಣ್ಣು ತಗ್ಗಿಸಿದ. ಚೇತನಾಗೆ ಆ ದಿನ ಬೇರೇನೂ ಓದಲಾಗಲಿಲ್ಲ.

ಗುಟ್ಟು ಬಯಲು ಮಾಡಿದ್ದು ಅವಳ ಅಮ್ಮ. ಕಾಫಿ ತಂದವರು ಸ್ಕ್ರೀನಿಗೆ ಇಣುಕಿ, "ಆ ತಮಿಳು ಹುಡುಗನಾ? ಮುಖ ಎಷ್ಟು ಲಕ್ಷಣವಾಗಿದೆ ನೋಡೇ," ಎಂದು ಕನ್ನಡದಲ್ಲಿ ಅಂದರು.

"ಥ್ಯಾಂಕ್ಸ್ ರೀ ಆಂಟಿ," ಎಂದಿತು ಲ್ಯಾಪ್‌ಟಾಪು. "ಆದ್ರ ನಾವು ತಮಿಳಿನವರಲ್ಲ, ಹುಬ್ಬಳ್ಳಿಯವ್ರು."

ಚೇತನಾ ನಗುತ್ತಾ ಮೇಜಿನ ಮೇಲೆ ತಲೆಯಿಟ್ಟಳು. ವೈವಿಧ್ಯದ ಬಗ್ಗೆ ಅಷ್ಟುದ್ದ ಬರೆದ ಇಬ್ಬರೂ ಎದುರಿಗಿದ್ದವರನ್ನು ಯಾರೆಂದು ಕೇಳಿಯೇ ಇರಲಿಲ್ಲ. ಅಮ್ಮನೂ ನಕ್ಕರು. ಆಮೇಲೆ ಹುಡುಗನ ಹೆಸರು ಕೇಳಿದರು. ಕೇಳಿದ ಮೇಲೆ ನಗು ನಿಲ್ಲಿಸಿ ಅಡುಗೆಮನೆಗೆ ಹೋದರು.

ಅಲ್ಲಿಂದ ಮುಂದೆ ಮಾತೆಲ್ಲ ಕನ್ನಡದಲ್ಲಿ. ಹೇಳಬೇಕಾದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಆಡಿದರು.

ಅಕ್ಟೋಬರಿನಲ್ಲಿ ರಾಜ್ಯ ದಾಟಿ ಓಡಾಡಲು ಬಿಟ್ಟರು. ಡಿಸೆಂಬರಿಗೆ ಕಾಶಿಫ್ ಅಮೆರಿಕಕ್ಕೆ ಹೊರಡುವವನಿದ್ದ. ಅವಳ ಸರದಿ ಇನ್ನೂ ಮುಂದಿನ ವರ್ಷ. ಹೇಳದೆ ಹೊರಟೇಬಿಟ್ಟರೆ ಎಂದು ಅವಳಿಗೆ ನಿದ್ದೆ ಇರಲಿಲ್ಲ. ಅಷ್ಟರಲ್ಲಿ ಅವನೇ ರೈಲು ಹತ್ತಿ ಬಂದ.

ಮನೆ ಕೆಳಗಿನ ಮಾಮಾಕ್‌ನಲ್ಲೇ ಕೂತರು. ಮಾಸ್ಕ್ ತೆಗೆದು ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನ ಗಲ್ಲದಲ್ಲೊಂದು ಚಿಕ್ಕ ಗಾಯದ ಗುರುತಿತ್ತು. ಸ್ಕ್ರೀನಿನಲ್ಲಿ ಅದು ಯಾವತ್ತೂ ಕಂಡಿರಲಿಲ್ಲ. ಅವಳು ಅದನ್ನೇ ನೋಡುತ್ತಿದ್ದಳು.

"ಹೇಳೋದಿದ್ರೆ ಹೇಳಿ. ಟೀ ಆರ್ತಾ ಇದೆ," ಎಂದಳು.

"ಕನ್ನಡದಾಗ ಹೇಳಾಕ ನಾಚಿಕಿ ಬರ್ತೈತ್ರಿ."

"ಇಂಗ್ಲಿಷಲ್ಲಿ?"

"ಪ್ರೆಸೆಂಟೇಷನ್ ಕೊಟ್ಟಂಗ ಆಗ್ತೈತಿ."

ಗ್ಲಾಸು ಪಕ್ಕಕ್ಕೆ ಸರಿಸಿ, ಗಂಟಲು ಸರಿಮಾಡಿಕೊಂಡ.

"ಎನಕ್ಕು... ನೀಂಗ ವೇಣುಂ."

ಕೊತ್ತಂಬರಿ ಕಟ್ಟು ಕೇಳುವ ಧಾಟಿ. ಅವನ ಕಿವಿ ಮಾತ್ರ ಕೆಂಪಾಗಿತ್ತು. ಚೇತನಾಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಇಷ್ಟು ಕೆಟ್ಟ ತಮಿಳಿಗಾಗಿ ಅವಳು ಎಷ್ಟು ದಿನದಿಂದ ಕಾದಿದ್ದಳೋ.

"ಇಲ್ಲೇನಾ, ತಪಾವಾ?" ಇಲ್ಲೇ ತಿನ್ನೋದಾ, ಪಾರ್ಸೆಲ್ಲಾ ಎಂದು ಹೋಟೆಲಿನವರು ವಿಚಾರಿಸುವ ಹಾಗೆಯೇ ಕೇಳಿದಳು.

"ತಪಾವ್. ತಡ ಆದ್ರೂ ಅಡ್ಡಿಯಿಲ್ಲ. ಅಮೆರಿಕದಾಗ ಕಾಯ್ತೀನ್ರಿ."

"ನನಗೂ ನೀವು ಬೇಕು," ಎಂದಳು ಅಪ್ಪಟ ಮೈಸೂರು ಕನ್ನಡದಲ್ಲಿ. ಮೇಲೆ ಮನೆಯ ಕಡೆ ನೋಡಿ, "ಆದ್ರೆ ಅಮ್ಮ?" ಅಂದಳು.

"ಅವ್ರಿಗೆ ಕನ್ನಡದಾಗೇ ಹೇಳ್ತೀನ್ರಿ. ಮನಿ ಮ್ಯಾಲೇ ಐತಲ್ಲ." ಎದ್ದು ಮಾಸ್ಕ್ ಹಾಕಿಕೊಂಡ.

ಚೇತನಾ ಮುಂದಾಗಿ ಮೆಟ್ಟಿಲು ಹತ್ತಿದಳು. ಬಾಗಿಲ ಬಳಿ ನಿಂತು ತಿರುಗಿದಳು.

"ಅಮ್ಮ ಬಾಗಿಲು ತೆಗೆದಾಗ ಮಾಸ್ಕ್ ಒಂದ್ನಿಮಿಷ ಇಳಿಸಿ. ಹೆಸರು ಕೇಳೋಕೆ ಮುಂಚೆ ಅವರಿಗೆ ಆ ಮುಖ ಹಿಡಿಸಿತ್ತು."